ಅಮೆರಿಕದ ಬಾರ್ ಪರೀಕ್ಷೆಯಲ್ಲಿ ಅಂಕ ಹೇಗೆ ಹಾಕುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ವಕೀಲಿಕೆ ಮಾಡಬೇಕಾದರೆ ಬಹುತೇಕ ಎಲ್ಲರೂ ಬಾರ್ ಪರೀಕ್ಷೆ ದಾಟಲೇಬೇಕು. ಎಲ್‌ಎಲ್‌ಎಂ ಮುಗಿಸಿ ಅದಕ್ಕೆ ಕೂರುವವರ ಜೊತೆ ಮಾತಿಗೆ ಇಳಿದರೆ, ಪಠ್ಯಕ್ಕಿಂತ ಅಂಕದ ಬಗ್ಗೆಯೇ ಪ್ರಶ್ನೆ ಜಾಸ್ತಿ. ಅದರಲ್ಲೂ ಸ್ಕೇಲಿಂಗ್ ಅಂದ ಕೂಡಲೇ ಎಲ್ಲರ ಮುಖದಲ್ಲೂ ಅನುಮಾನ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲಿಗೆ ತಿಳಿಯಬೇಕಾದ್ದು

ನಮ್ಮ ಎಐಬಿಇ ಥರ ಇಷ್ಟು ಪರ್ಸೆಂಟ್ ತೆಗೆದ್ರೆ ಪಾಸ್ ಅಂತ ಇಲ್ವಾ?

ಇಲ್ಲ. ಎಐಬಿಇ ಅಂದರೆ ಭಾರತದಲ್ಲಿ ವಕೀಲಿಕೆಗೆ ಬರೆಯುವ ಬಾರ್ ಪರೀಕ್ಷೆ. ಅದರಲ್ಲಿ 100 ಪ್ರಶ್ನೆ. ಸಾಮಾನ್ಯ ವರ್ಗ ಮತ್ತು ಒಬಿಸಿಯವರಿಗೆ ಶೇ. 45, ಎಸ್‌ಸಿ ಮತ್ತು ಎಸ್‌ಟಿಯವರಿಗೆ ಶೇ. 40 ಬಂದರೆ ಪಾಸ್. ಸರಿ ಉತ್ತರ ಎಣಿಸಿದರೆ ಲೆಕ್ಕ ಮುಗಿಯಿತು.

ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ನೀವು ಗಳಿಸಿದ ರಾ ಅಂಕವನ್ನು, ಅಂದರೆ ಮೊದಲಿಗೆ ಬಂದ ಕಚ್ಚಾ ಅಂಕವನ್ನು, ಇನ್ನೊಂದು ಅಳತೆಗೆ ಬದಲಿಸುತ್ತಾರೆ. ಇದೇ ಸ್ಕೇಲಿಂಗ್, ಬದಲಾಗಿ ಬಂದದ್ದು ಸ್ಕೇಲ್ಡ್ ಅಂಕ. ಪಾಸ್ ಗೆರೆ ಇರುವುದು ಆ ಹೊಸ ಅಳತೆಯ ಮೇಲೆ. ಹಾಗಾಗಿ 400ಕ್ಕೆ 266 ಬೇಕು ಅಂದರೆ ಮೂರನೇ ಎರಡು ಭಾಗ ಸರಿ ಬರೆಯಬೇಕು ಅಂತ ಅರ್ಥವಲ್ಲ. ಪರ್ಸೆಂಟ್ ಯೋಚನೆಯನ್ನು ಮೊದಲು ತಲೆಯಿಂದ ತೆಗೆದುಹಾಕಿ. ಮುಂದಿನದು ಅರ್ಧ ಸುಲಭವಾಗುತ್ತದೆ.

ಪರೀಕ್ಷೆಯಲ್ಲಿ ಏನೇನಿರುತ್ತೆ? ಯಾವುದಕ್ಕೆ ಎಷ್ಟು ತೂಕ?

ಹೆಚ್ಚಿನ ರಾಜ್ಯಗಳು ನಡೆಸುತ್ತಾ ಬಂದಿರುವುದು ಯೂನಿಫಾರ್ಮ್ ಬಾರ್ ಎಕ್ಸಾಮ್, ಅಂದರೆ ಯುಬಿಇ. ಪ್ರಶ್ನೆಗಳನ್ನು ಸಿದ್ಧ ಮಾಡುವುದು ಎನ್‌ಸಿಬಿಇ ಎಂಬ ಸಂಸ್ಥೆ. ಪರೀಕ್ಷೆ ನಡೆಸಿ, ಎಸ್ಸೇ ತಿದ್ದಿ, ಪಾಸ್ ಅಥವಾ ಫೇಲ್ ಹೇಳುವುದು ಆಯಾ ರಾಜ್ಯ. ಪರೀಕ್ಷೆ ಎರಡು ದಿನ, ಭಾಗ ಮೂರು:

- ಎಂಬಿಇ: 200 ಮಲ್ಟಿಪಲ್ ಚಾಯ್ಸ್ ಪ್ರಶ್ನೆ, ಒಟ್ಟು 6 ಗಂಟೆ. ತೂಕ ಶೇ. 50.
- ಎಂಇಇ: 6 ಎಸ್ಸೇ, ಒಂದೊಂದಕ್ಕೆ 30 ನಿಮಿಷ. ತೂಕ ಶೇ. 30.
- ಎಂಪಿಟಿ: 2 ಪ್ರಾಯೋಗಿಕ ಕೆಲಸ, ಒಂದೊಂದಕ್ಕೆ 90 ನಿಮಿಷ. ತೂಕ ಶೇ. 20.

ಎಂಪಿಟಿಯಲ್ಲಿ ಕಡತ ಮತ್ತು ಕಾನೂನು ಎರಡನ್ನೂ ಅವರೇ ಕೊಡುತ್ತಾರೆ. ನೀವು ಅದನ್ನಿಟ್ಟುಕೊಂಡು ಮೆಮೊ, ಪತ್ರ ಅಥವಾ ವಾದದ ಕರಡು ಬರೆಯಬೇಕು. ಬಾಯಿಪಾಠ ಏನೂ ಬೇಕಿಲ್ಲ. ಒಂದು ಎಸ್ಸೇ ಶೇ. 5, ಒಂದು ಎಂಪಿಟಿ ಶೇ. 10. ಅಂದರೆ ಒಂದು ಎಂಪಿಟಿ ಎರಡು ಎಸ್ಸೇಗೆ ಸಮ. ಹೀಗಿದ್ದೂ ಹೆಚ್ಚಿನವರು ಅದನ್ನು ಒಂದೆರಡು ಸಲ ಮಾತ್ರ ಅಭ್ಯಾಸ ಮಾಡಿ ಹೋಗುತ್ತಾರೆ. ನನಗೆ ಇದು ಇವತ್ತಿಗೂ ಅರ್ಥವಾಗದ ವಿಷಯ.

266 ಅಂದ್ರೆ ಎಷ್ಟಕ್ಕೆ 266? ಎಲ್ಲ ಕಡೆ ಅದೇ ಬೇಕಾ?

400ಕ್ಕೆ. ಎಂಬಿಇಗೆ 200, ಬರವಣಿಗೆಗೆ 200. ಪಾಸ್ ಗೆರೆ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಸ್ಸೌರಿ, ಮಿನ್ನೆಸೋಟ, ಅಲಬಾಮಾದಲ್ಲಿ 260. ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಮತ್ತು ವಾಷಿಂಗ್ಟನ್ ಡಿಸಿಯಲ್ಲಿ 266. ಟೆಕ್ಸಾಸ್, ಮ್ಯಾಸಚೂಸೆಟ್ಸ್, ಒಹಾಯೊದಲ್ಲಿ 270.

ಪ್ರಶ್ನೆಪತ್ರಿಕೆ ಒಂದೇ, ಅಂಕವೂ ಒಂದೇ ಅಂತಿಟ್ಟುಕೊಳ್ಳಿ. 262 ಬಂದವರು ಮಿಸ್ಸೌರಿಯಲ್ಲಿ ಪಾಸ್, ನ್ಯೂಯಾರ್ಕಿನಲ್ಲಿ ಫೇಲ್. ವಿಚಿತ್ರ ಅನ್ನಿಸುತ್ತದೆ, ಅಲ್ವಾ? ವಕೀಲರಿಗೆ ಪರವಾನಗಿ ಕೊಡುವ ಅಧಿಕಾರ ರಾಜ್ಯದ್ದು. ಸಾಮಾನ್ಯವಾಗಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೇ ಗೆರೆ ಎಲ್ಲಿರಬೇಕು ಎಂದು ತೀರ್ಮಾನಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಲವು ರಾಜ್ಯಗಳು ಅದನ್ನು ಕೆಳಗೆ ಇಳಿಸಿವೆ. ಆದ್ದರಿಂದ ಹಳೆಯ ಪಟ್ಟಿ ನೋಡಿ ಲೆಕ್ಕ ಹಾಕಬೇಡಿ.

ತಪ್ಪು ಉತ್ತರಕ್ಕೆ ಮೈನಸ್ ಮಾರ್ಕ್ಸ್ ಇದೆಯಾ?

ಇಲ್ಲ. ಗೊತ್ತಿಲ್ಲದಿದ್ದರೂ ಒಂದನ್ನು ಗುರುತು ಮಾಡಿ. ಖಾಲಿ ಬಿಟ್ಟರೆ ನಷ್ಟ ನಿಮ್ಮದೇ.

200 ಪ್ರಶ್ನೇಲಿ 25ಕ್ಕೆ ಅಂಕವೇ ಇಲ್ಲವಂತೆ, ನಿಜಾನಾ? ಯಾವುವು ಅಂತ ಗೊತ್ತಾಗಲ್ವಾ?

ನಿಜ. 175 ಪ್ರಶ್ನೆಗೆ ಮಾತ್ರ ಅಂಕ. ಏಳು ವಿಷಯ, ಒಂದೊಂದರಿಂದ 25. ಉಳಿದ 25 ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸುತ್ತಿರುವ ಹೊಸ ಪ್ರಶ್ನೆಗಳು. ಅವನ್ನು ಮಧ್ಯೆ ಮಧ್ಯೆ ಬೆರೆಸಿರುತ್ತಾರೆ. ನೋಡಿದರೆ ಗೊತ್ತಾಗುವುದಿಲ್ಲ, ಗೊತ್ತಾಗಬಾರದು ಅಂತಲೇ ಹಾಗೆ ಮಾಡಿರುವುದು. ತೀರಾ ವಿಚಿತ್ರ ಪ್ರಶ್ನೆ ಎದುರಾದರೆ "ಇದು ಲೆಕ್ಕಕ್ಕಿಲ್ಲದ್ದು ಇರಬೇಕು" ಅಂತ ಸಮಾಧಾನ ಮಾಡಿಕೊಂಡು ಮುಂದೆ ಹೋಗಿ. ಆದರೆ ಉತ್ತರ ಹಾಕಿಯೇ ಹೋಗಿ.

ಎಸ್ಸೇ ಚೆನ್ನಾಗಿ ಆಗಿಲ್ಲ, ಎಂಬಿಇ ಚೆನ್ನಾಗಿ ಆಗಿದೆ. ಒಂದು ಇನ್ನೊಂದನ್ನ ಎತ್ತುತ್ತಾ?

ಎತ್ತುತ್ತದೆ. ಯುಬಿಇಯಲ್ಲಿ ಪ್ರತಿ ಭಾಗಕ್ಕೂ ಬೇರೆ ಬೇರೆ ಪಾಸ್ ಅಂಕ ಇಲ್ಲ. ನೋಡುವುದು ಒಟ್ಟು ಮೊತ್ತ ಮಾತ್ರ. ಎಂಬಿಇ 145, ಬರವಣಿಗೆ 121 ಆದರೆ ಮೊತ್ತ 266. ನ್ಯೂಯಾರ್ಕಿನಲ್ಲಿ ಪಾಸ್. ಎರಡರಲ್ಲೂ 133 ತೆಗೆದವರಿಗೂ ಅದೇ 266, ಅದೇ ಪರವಾನಗಿ. ಹಾಗೆಯೇ ಆರು ಎಸ್ಸೇಯಲ್ಲಿ ಒಂದು ಪೂರ್ತಿ ಕೆಟ್ಟರೂ ಆಟ ಮುಗಿಯುವುದಿಲ್ಲ. ಆ ಬೇಜಾರಿನಲ್ಲಿ ಮುಂದಿನ ಎರಡನ್ನು ಕೆಡಿಸಿಕೊಂಡರೆ ಮಾತ್ರ ನಿಜವಾದ ಪೆಟ್ಟು.

## ಸ್ಕೇಲಿಂಗ್ ಎಂಬ ಗುಮ್ಮ

ಸರಿ ಉತ್ತರ ಎಣಿಸಿ ಅಂಕ ಕೊಡೋದು ಬಿಟ್ಟು ಯಾಕಿಷ್ಟು ಸರ್ಕಸ್?

ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಜುಲೈನಲ್ಲಿ, ಪರೀಕ್ಷೆ ನಡೆಯುತ್ತದೆ. ಪ್ರತಿ ಸಲ ಪ್ರಶ್ನೆ ಬೇರೆ. ಎಷ್ಟೇ ಜಾಗ್ರತೆಯಿಂದ ತಯಾರಿಸಿದರೂ ಒಂದು ಪತ್ರಿಕೆ ಸ್ವಲ್ಪ ಗಡಸು, ಇನ್ನೊಂದು ಸ್ವಲ್ಪ ಮೆದು ಆಗುವುದು ಸಹಜ. ಬರೀ ಎಣಿಸಿ ಅಂಕ ಕೊಟ್ಟರೆ ಗಡಸು ಪತ್ರಿಕೆ ಸಿಕ್ಕವರಿಗೆ ಅನ್ಯಾಯ.

ಇದಕ್ಕೆ ಅವರು ಹುಡುಕಿಕೊಂಡ ದಾರಿ ಚಂದ ಇದೆ. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದ ಕೆಲವು ಪ್ರಶ್ನೆಗಳನ್ನು ಹೊಸ ಪತ್ರಿಕೆಯಲ್ಲಿ ಮತ್ತೆ ಸೇರಿಸುತ್ತಾರೆ. ಆ ಹಳೆ ಪ್ರಶ್ನೆಗಳನ್ನು ಹಿಂದಿನ ಗುಂಪು ನೂರಕ್ಕೆ 65ರಂತೆ ಸರಿ ಮಾಡಿತ್ತು ಎಂದಿಟ್ಟುಕೊಳ್ಳಿ. ಈ ಸಲದವರೂ 65 ಮಾಡಿದರೆ ಎರಡು ಗುಂಪೂ ಸಮ ಅಂತಾಯಿತು. ಹಾಗಿದ್ದೂ ಹೊಸ ಪ್ರಶ್ನೆಗಳಲ್ಲಿ ಅಂಕ ಕುಸಿದಿದ್ದರೆ ತಪ್ಪು ಪತ್ರಿಕೆಯದ್ದು, ಬರೆದವರದ್ದಲ್ಲ. ಆಗ ಕಡಿಮೆ ಸರಿ ಉತ್ತರಕ್ಕೇ ಅದೇ ಸ್ಕೇಲ್ಡ್ ಅಂಕ ಸಿಗುತ್ತದೆ. ಹಳೆ ಪ್ರಶ್ನೆಗಳಲ್ಲೇ ಈ ಗುಂಪು ಹಿಂದೆ ಬಿದ್ದಿದ್ದರೆ? ಆಗ ಗುಂಪೇ ಅಷ್ಟಕ್ಕಷ್ಟೆ. ಸರಾಸರಿ ಇಳಿಯುತ್ತದೆ, ಯಾರೂ ಎತ್ತಿ ಹಿಡಿಯುವುದಿಲ್ಲ.

ಇದರ ಫಲ ಏನೆಂದರೆ, ಯಾವ ವರ್ಷ ಬರೆದರೂ ಎಂಬಿಇಯ 140ಕ್ಕೆ ಒಂದೇ ಬೆಲೆ.

ಹಾಗಾದ್ರೆ ಇದು ಕರ್ವ್ ಅಲ್ವಾ? ಇಷ್ಟು ಜನರನ್ನ ಫೇಲ್ ಮಾಡಲೇಬೇಕು ಅಂತ ಇರುತ್ತಂತೆ?

ಅಂಥ ಕೋಟಾ ಯಾವುದೂ ಇಲ್ಲ. ಲಾ ಸ್ಕೂಲಿನಲ್ಲಿ ಕರ್ವ್, ಅಂದರೆ ಒಬ್ಬರನ್ನೊಬ್ಬರಿಗೆ ಹೋಲಿಸಿ ಗ್ರೇಡ್ ಹಂಚುವ ಪದ್ಧತಿ, ಕಂಡು ಬೆದರಿದವರಿಗೆ ಇಲ್ಲೂ ಅದೇ ಭೂತ ಕಾಣುತ್ತದೆ. ಲಾ ಸ್ಕೂಲಿನಲ್ಲಿ ಪಕ್ಕದವನಿಗೆ ಎ ಗ್ರೇಡ್ ಸಿಕ್ಕರೆ ನಿಮಗೆ ಸಿಗುವ ಅವಕಾಶ ಕಡಿಮೆಯಾಗಬಹುದು. ಎಂಬಿಇಯಲ್ಲಿ ಹಾಗಿಲ್ಲ. ಆ ಸಲ ಬಂದವರೆಲ್ಲ ಜಾಣರಾದರೆ ಎಲ್ಲರ ಅಂಕವೂ ಮೇಲಿರುತ್ತದೆ. ನೋಟ್ಸ್ ಹಂಚಿಕೊಳ್ಳಲು ಹೆದರಬೇಡಿ.

ಎಷ್ಟು ಪ್ರಶ್ನೆ ಸರಿ ಮಾಡಿದ್ರೆ 133 ಸ್ಕೇಲ್ಡ್ ಬರುತ್ತೆ?

ರಾ ಅಂಕದಿಂದ ಸ್ಕೇಲ್ಡ್ ಅಂಕಕ್ಕೆ ಬದಲಿಸುವ ಪಟ್ಟಿಯನ್ನು ಎನ್‌ಸಿಬಿಇ ಪ್ರಕಟಿಸುವುದಿಲ್ಲ. ಅದು ಪ್ರತಿ ಪತ್ರಿಕೆಗೂ ಬದಲಾಗುವುದರಿಂದ ಪ್ರಕಟಿಸಿದರೂ ಮುಂದಿನ ಸಲಕ್ಕೆ ಉಪಯೋಗವಿಲ್ಲ. ಕೋಚಿಂಗ್ ಕೊಡುವವರ ಅಂದಾಜು ಶೇ. 60ರ ಆಸುಪಾಸು ಸುತ್ತುತ್ತದೆ. ಅದನ್ನು ಅಂದಾಜು ಎಂದೇ ಇಟ್ಟುಕೊಳ್ಳಿ. ಅಭ್ಯಾಸದಲ್ಲಿ ಶೇ. 65 ದಾಟುತ್ತಿದ್ದರೆ ಉಸಿರಾಡಲು ಜಾಗ ಇದೆ ಅನ್ನುವುದು ನನ್ನ ಲೆಕ್ಕ. 61ಕ್ಕೆ ಸಾಕು ಅಂತ ನಿಲ್ಲಿಸುವವರು ತಮ್ಮ ಭವಿಷ್ಯವನ್ನು ಬೇರೆಯವರ ಅಂದಾಜಿನ ಮೇಲೆ ಪಣಕ್ಕಿಡುತ್ತಾರೆ.

ಫೆಬ್ರವರೀಲಿ ಪಾಸಾಗೋರು ಕಡಿಮೆ ಅಂತಾರೆ. ಪತ್ರಿಕೆ ಕಷ್ಟ ಇರುತ್ತಾ?

ಪಾಸಾಗುವವರು ಕಡಿಮೆ ಅನ್ನುವುದು ನಿಜ. ಜುಲೈನಲ್ಲಿ ಎಂಬಿಇಯ ದೇಶದ ಸರಾಸರಿ 140ರ ಸುತ್ತ ಇದ್ದರೆ ಫೆಬ್ರವರಿಯಲ್ಲಿ 131ರ ಸುತ್ತ. ಕಾರಣ ಪತ್ರಿಕೆಯಲ್ಲ, ಕೂರುವ ಜನ. ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದವರು ಎರಡು ತಿಂಗಳು ಬೇರೇನೂ ಮಾಡದೆ ಓದಿ ಜುಲೈನಲ್ಲಿ ಬರೆಯುತ್ತಾರೆ. ಫೆಬ್ರವರಿಯಲ್ಲಿ ಮರುಪ್ರಯತ್ನ ಮಾಡುವವರು ಜಾಸ್ತಿ. ಅವರಲ್ಲಿ ಅನೇಕರಿಗೆ ಕೆಲಸವೂ ಇರುತ್ತದೆ. ಪತ್ರಿಕೆಯ ಕಷ್ಟವನ್ನು ಸರಿದೂಗಿಸುವ ಕೆಲಸ ಸ್ಕೇಲಿಂಗ್‌ನದ್ದು. ಓದಲು ಸಿಗದ ಸಮಯವನ್ನು ಅದು ತುಂಬಿಕೊಡುವುದಿಲ್ಲ.

## ಬರವಣಿಗೆಯ ಅಂಕ

ಎಸ್ಸೇ ಯಾರು ತಿದ್ದುತ್ತಾರೆ? ರಿಸಲ್ಟ್ ಯಾಕಿಷ್ಟು ತಡ?

ರಾಜ್ಯ ನೇಮಿಸಿದ ಗ್ರೇಡರ್‌ಗಳು ತಿದ್ದುತ್ತಾರೆ. ಹೆಚ್ಚಿನವರು ವಕೀಲರು. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಪ್ರಶ್ನೆ. ಪ್ರತಿ ಪರೀಕ್ಷೆಯ ನಂತರ ಎನ್‌ಸಿಬಿಇ ಅವರಿಗೆ ಕಾರ್ಯಾಗಾರ ನಡೆಸುತ್ತದೆ, ಉತ್ತರದ ವಿಶ್ಲೇಷಣೆ ಕೊಡುತ್ತದೆ. ಮೊದಲು ಒಂದಷ್ಟು ಉತ್ತರಗಳನ್ನು ಓದಿ, ಈ ಸಲ "ಚೆನ್ನಾಗಿದೆ" ಅಂದರೆ ಏನು, "ಸಾಲದು" ಅಂದರೆ ಏನು ಅಂತ ಕೈ ಹದ ಮಾಡಿಕೊಂಡು ಆಮೇಲೆ ನಿಜವಾದ ಅಂಕ ಹಾಕುತ್ತಾರೆ. ಸಾವಿರಾರು ಉತ್ತರಗಳನ್ನು ಮನುಷ್ಯರೇ ಓದಬೇಕು. ಜುಲೈನ ಫಲಿತಾಂಶ ನ್ಯೂಯಾರ್ಕಿನಂಥ ದೊಡ್ಡ ರಾಜ್ಯದಲ್ಲಿ ಅಕ್ಟೋಬರ್ ತನಕ ಎಳೆಯುವುದು ಇದೇ ಕಾರಣಕ್ಕೆ.

ಎಸ್ಸೇಗೆ 6ಕ್ಕೆ 4 ಬಂದ್ರೆ ಒಳ್ಳೇದಾ? ಮಾದರಿ ಉತ್ತರದ ಥರ ಬರೆಯೋಕೆ ನನ್ನಿಂದ ಆಗಲ್ಲ.

ಬಹಳ ರಾಜ್ಯಗಳು 1ರಿಂದ 6ರ ಅಳತೆ ಬಳಸುತ್ತವೆ. ಅದು ಹೋಲಿಕೆಯ ಅಂಕ. ಆ ರಾಜ್ಯದಲ್ಲಿ, ಆ ಸಲ, ಆ ಪ್ರಶ್ನೆಗೆ ಬಂದ ಉಳಿದ ಉತ್ತರಗಳ ಪಕ್ಕದಲ್ಲಿ ನಿಮ್ಮದು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅದು ಹೇಳುತ್ತದೆ. 4 ಅಂದರೆ ಸರಾಸರಿಗಿಂತ ತುಸು ಮೇಲೆ ಅಂತ ಸಾಧಾರಣವಾಗಿ ತಿಳಿಯಬಹುದು.

ಮಾದರಿ ಉತ್ತರ ನೋಡಿ ಧೈರ್ಯ ಕಳೆದುಕೊಳ್ಳಬೇಡಿ. ಅದನ್ನು ಬರೆದವರಿಗೆ 30 ನಿಮಿಷದ ಗಡಿಯಾರ ಇರಲಿಲ್ಲ. ನಿಮ್ಮ ಹೋಲಿಕೆ ನಿಮ್ಮಷ್ಟೇ ಸುಸ್ತಾಗಿರುವ ಪಕ್ಕದ ಮೇಜಿನವರ ಜೊತೆ. ಎಲ್ಲರೂ ಬಿಟ್ಟಿರುವ ಅಂಶವನ್ನು ನೀವೂ ಬಿಟ್ಟರೆ ನಷ್ಟ ಕಡಿಮೆ. ಎಲ್ಲರೂ ಬರೆದಿರುವ ಸಾಮಾನ್ಯ ನಿಯಮವನ್ನು ಬಿಟ್ಟರೆ ಪೆಟ್ಟು ಜೋರು.

ಬರೆದ ಅಂಕವನ್ನ ಎಂಬಿಇಗೆ ಸ್ಕೇಲ್ ಮಾಡ್ತಾರೆ ಅಂದ್ರೆ ಏನು? ನನ್ನ ಎಂಬಿಇ ಕೆಟ್ಟರೆ ಎಸ್ಸೇಯೂ ಕೆಡುತ್ತಾ?

ಕೆಡುವುದಿಲ್ಲ. ನಿಮ್ಮ ಸ್ವಂತ ಎಂಬಿಇ ಅಂಕಕ್ಕೂ ನಿಮ್ಮ ಎಸ್ಸೇ ಅಂಕಕ್ಕೂ ನೇರ ಸಂಬಂಧ ಇಲ್ಲ. ಸಂಬಂಧ ಇರುವುದು ನಿಮ್ಮ ರಾಜ್ಯದಲ್ಲಿ ಬರೆದ ಇಡೀ ಗುಂಪಿನ ಎಂಬಿಇ ಅಂಕಕ್ಕೆ. ಇಲ್ಲೇ ಹೆಚ್ಚಿನವರು ಎಡವುವುದು. ನಿಧಾನವಾಗಿ ನೋಡೋಣ.

ಎಸ್ಸೇ ಹೋಲಿಕೆಯ ಅಂಕ ಅಂದೆವು. ಹಾಗಾದರೆ ಹೋದ ವರ್ಷದ 4 ಮತ್ತು ಈ ವರ್ಷದ 4 ಒಂದೇ ಅಂತ ಹೇಳಲು ಬರುವುದಿಲ್ಲ. ಎಸ್ಸೇಯನ್ನು ಮರುಬಳಕೆ ಮಾಡುವುದೂ ಕಷ್ಟ, ಆರೇ ಪ್ರಶ್ನೆ ಎಲ್ಲರ ನೆನಪಿನಲ್ಲಿ ಉಳಿದುಬಿಡುತ್ತವೆ. ಆದರೆ ಅದೇ ಗುಂಪು ಎಂಬಿಇಯನ್ನೂ ಬರೆದಿದೆ, ಆ ಅಳತೆ ಗಟ್ಟಿ. ಆದ್ದರಿಂದ ಗುಂಪಿನ ಎಂಬಿಇ ಸರಾಸರಿ ಮತ್ತು ಹರವನ್ನು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ತೆಗೆದುಕೊಂಡು ಬರವಣಿಗೆಯ ಅಂಕಗಳನ್ನು ಅದೇ ಸರಾಸರಿ, ಅದೇ ಹರವಿಗೆ ಕೂರಿಸುತ್ತಾರೆ.

ಲೆಕ್ಕಕ್ಕೆ ಒಂದು ಕಲ್ಪನೆಯ ರಾಜ್ಯ ಇರಲಿ. ಗುಂಪಿನ ಬರವಣಿಗೆಯ ರಾ ಸರಾಸರಿ 34, ಹರವು 5. ನಿಮ್ಮದು 38. ಅಂದರೆ ನೀವು ಸರಾಸರಿಗಿಂತ 0.8 ಹರವು ಮೇಲಿದ್ದೀರಿ. ಆ ಗುಂಪಿನ ಎಂಬಿಇ ಸರಾಸರಿ 142, ಹರವು 15. ಈಗ 142ಕ್ಕೆ 15ರ 0.8 ಪಾಲು, ಅಂದರೆ 12, ಸೇರಿಸಿ. ನಿಮ್ಮ ಬರವಣಿಗೆಯ ಅಂಕ 154. ನಿಮ್ಮ ಎಂಬಿಇ 120 ಇರಲಿ, 160 ಇರಲಿ, ಈ 154 ಅಲ್ಲಾಡುವುದಿಲ್ಲ.

ಹಾಗಾದ್ರೆ ಓದದೇ ಇರೋರು ಜಾಸ್ತಿ ಬರೆಯೋ ರಾಜ್ಯ ಹುಡುಕಿಕೊಂಡು ಹೋದ್ರೆ ಎಸ್ಸೇಲಿ ಲಾಭ ಅಲ್ವಾ?

ಉಪಾಯವೇನೋ ಚೆನ್ನಾಗಿದೆ, ಕೆಲಸ ಮಾಡುವುದಿಲ್ಲ. ಮೇಲಿನ ಉತ್ತರವನ್ನೇ ತೆಗೆದುಕೊಂಡು ದುರ್ಬಲ ಗುಂಪಿರುವ ರಾಜ್ಯಕ್ಕೆ ಹೋಗಿ. ಅಲ್ಲಿ ನಿಮ್ಮ ಉತ್ತರ ಇನ್ನೂ ಮೇಲೆ ಕಾಣುತ್ತದೆ. ರಾ ಸರಾಸರಿ 34, ನಿಮಗೆ 40 ಬಂತು ಅನ್ನೋಣ. 1.2 ಹರವು ಮೇಲೆ. ಆದರೆ ಆ ಗುಂಪಿನ ಎಂಬಿಇ ಸರಾಸರಿ ಬರೀ 136. ಹರವು 15 ಇದ್ದರೆ 18 ಸೇರುತ್ತದೆ. 136ಕ್ಕೆ 18 ಸೇರಿಸಿದರೆ ಮತ್ತೆ ಅದೇ 154. ಎಸ್ಸೇಯಲ್ಲಿ ಮೇಲೆ ಹೋದಷ್ಟು, ಕೂರಿಸುವಾಗ ಕೆಳಗೆ ಬರುತ್ತೀರಿ.

ನಿಜ ಜೀವನದಲ್ಲಿ ಇಷ್ಟು ಕರಾರುವಾಕ್ಕಾಗಿ ಸರಿಹೋಗುವುದಿಲ್ಲ. ಎಂಬಿಇಯಲ್ಲಿ ಜಾಣವಾಗಿದ್ದ ಗುಂಪು ಬರವಣಿಗೆಯಲ್ಲಿ ಮಂಕಾಗಿರಬಹುದು. ಆದರೆ ಅದನ್ನು ಮುಂಚೆಯೇ ಊಹಿಸಿ ರಾಜ್ಯ ಆರಿಸಲು ಯಾರಿಂದಲೂ ಆಗದು. ಎಲ್ಲಿ ಕೆಲಸ ಮಾಡುತ್ತೀರೋ ಅಲ್ಲಿ ಬರೆಯಿರಿ.

## ಫಲಿತಾಂಶ ಬಂದ ಮೇಲೆ

265 ಬಂತು. ಒಂದೇ ಒಂದು ಅಂಕ! ಮರುಮೌಲ್ಯಮಾಪನ ಕೇಳಬಹುದಾ?

ಹೊಟ್ಟೆ ಉರಿಯುವ ವಿಷಯ. ಆದರೆ ಯುಬಿಇ ರಾಜ್ಯಗಳಲ್ಲಿ ಮತ್ತೆ ತಿದ್ದುವುದು ಏನಿದ್ದರೂ ಫಲಿತಾಂಶ ಹೊರಬೀಳುವ ಮೊದಲೇ ಮುಗಿಯಬೇಕು. ಗೆರೆಯ ಹತ್ತಿರ ನಿಂತವರ ಉತ್ತರಗಳನ್ನು ಎರಡನೇ ಸಲ ಓದುವ ಪದ್ಧತಿ ಹಲವು ಕಡೆ ಇದೆ. ನಿಮ್ಮದನ್ನೂ ಓದಿಯೇ ಕಳಿಸಿರುವ ಸಾಧ್ಯತೆ ಜಾಸ್ತಿ. ಆಮೇಲೆ ಉಳಿಯುವುದು ಕೂಡಿಸುವಾಗ ತಪ್ಪಾಗಿದೆಯಾ ಎಂಬುದಷ್ಟೇ.

ಕಣ್ಣೀರು ಒರೆಸಿಕೊಂಡ ಮೇಲೆ ಇನ್ನೊಂದು ಯೋಚನೆ ಮಾಡಿ. ಆ 265 ನ್ಯೂಯಾರ್ಕಿನಲ್ಲಿ ಸಾಲದು, ಮಿಸ್ಸೌರಿಯಲ್ಲಿ ಸಾಕು. ಯುಬಿಇ ಅಂಕವನ್ನು ಇನ್ನೊಂದು ಯುಬಿಇ ರಾಜ್ಯಕ್ಕೆ ಕಳಿಸಬಹುದು. ಎಷ್ಟು ವರ್ಷದೊಳಗೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ನ್ಯೂಯಾರ್ಕಿನಲ್ಲಿ 3 ವರ್ಷ. ಹೊರದೇಶದಲ್ಲಿ ಕಾನೂನು ಓದಿದವರು ಒಂದು ವಿಷಯ ಮರೆಯಬಾರದು. ಅಂಕ ಸಾಕಾದರೂ ನಿಮ್ಮ ಡಿಗ್ರಿಯನ್ನು ಆ ರಾಜ್ಯ ಒಪ್ಪುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನು ಮೊದಲು ನೋಡಿ, ಆಮೇಲೆ ಫೀಸು ಕಟ್ಟಿ.

ಫೇಲಾದಾಗ ವಿಷಯವಾರು ಅಂಕ ಕೊಟ್ಟಿದ್ದಾರೆ. ಟಾರ್ಟ್ಸ್‌ನಲ್ಲಿ ಕಡಿಮೆ ಇದೆ. ಬರೀ ಅದನ್ನೇ ಓದ್ಲಾ?

ಬೇಡ. ಒಂದು ವಿಷಯಕ್ಕೆ ಲೆಕ್ಕಕ್ಕಿರುವುದು 25 ಪ್ರಶ್ನೆ. ಎರಡು ಊಹೆ ಆಕಡೆ ಈಕಡೆ ಆದರೂ ಚಿತ್ರ ಬದಲಾಗುತ್ತದೆ. ಒಟ್ಟು 175 ಪ್ರಶ್ನೆಯ ಅಂಕ ಗಟ್ಟಿ, ಅದರ ಒಂದು ತುಂಡು ಅಷ್ಟು ಗಟ್ಟಿಯಲ್ಲ. ಎರಡು ಮೂರು ವಿಷಯ ಒಟ್ಟಿಗೆ ಕೆಳಗಿದ್ದರೆ, ಅಥವಾ ಬರವಣಿಗೆ ಮತ್ತು ಎಂಬಿಇ ನಡುವೆ ದೊಡ್ಡ ಅಂತರ ಇದ್ದರೆ, ಅದನ್ನು ನಂಬಿ.

ಕ್ಯಾಲಿಫೋರ್ನಿಯಾದಲ್ಲಿ 1390 ಬೇಕಂತೆ. ಅದ್ಯಾವ ಲೆಕ್ಕ?

ಕ್ಯಾಲಿಫೋರ್ನಿಯಾ ಯುಬಿಇಗೆ ಸೇರಿಲ್ಲ. ಅಲ್ಲಿ ಅಳತೆ 2000ಕ್ಕೆ. ಪಾಸ್ ಗೆರೆ ಮೊದಲು 1440 ಇತ್ತು, 2020ರಲ್ಲಿ 1390ಕ್ಕೆ ಇಳಿಸಿದರು. 5 ಎಸ್ಸೇ ಮತ್ತು 1 ಪ್ರಾಯೋಗಿಕ ಕೆಲಸ ಸೇರಿ ಅರ್ಧ, ಮಲ್ಟಿಪಲ್ ಚಾಯ್ಸ್ ಇನ್ನರ್ಧ. ಎಸ್ಸೇಗೆ 40ರಿಂದ 100ರ ತನಕ, ಐದೈದರ ಹೆಜ್ಜೆಯಲ್ಲಿ ಅಂಕ. ಪ್ರಾಯೋಗಿಕ ಕೆಲಸಕ್ಕೆ ಎರಡು ಎಸ್ಸೇಯ ತೂಕ.

2025ರ ಫೆಬ್ರವರಿಯಲ್ಲಿ ಅಲ್ಲಿ ಏನಾಯಿತು ಅನ್ನುವುದನ್ನು ಅಂಕದ ಬಗ್ಗೆ ಕುತೂಹಲ ಇರುವವರೆಲ್ಲ ತಿಳಿದಿರಬೇಕು. ಖರ್ಚು ಉಳಿಸಲೆಂದು ಎಂಬಿಇ ಬಿಟ್ಟು ಬೇರೆ ಕಡೆಯಿಂದ ಮಲ್ಟಿಪಲ್ ಚಾಯ್ಸ್ ಪ್ರಶ್ನೆ ಬರೆಸಿದರು. ಪರೀಕ್ಷೆಯ ದಿನ ಕಂಪ್ಯೂಟರ್‌ಗಳು ಕೈಕೊಟ್ಟವು, ಉತ್ತರ ಸೇವ್ ಆಗಲಿಲ್ಲ. ಕೆಲವು ಪ್ರಶ್ನೆಗಳನ್ನು ಎಐ ನೆರವಿನಿಂದ ಬರೆದಿದ್ದು ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟ್ 534 ರಾ ಅಂಕಕ್ಕೇ ಪಾಸ್ ಎಂದು ಒಪ್ಪಬೇಕಾಯಿತು. ಹಿಂದಿನ ಫೆಬ್ರವರಿಗಳಲ್ಲಿ ಮೂರರಲ್ಲಿ ಒಬ್ಬರು ಪಾಸಾಗುತ್ತಿದ್ದ ಕಡೆ ಆ ಸಲ ಅರ್ಧಕ್ಕಿಂತ ಜಾಸ್ತಿ ಜನ ಪಾಸಾದರು. ಜುಲೈಗೆ ಮತ್ತೆ ಎಂಬಿಇ ಬಂತು. ಹಳೆ ಪ್ರಶ್ನೆಗಳ ಕೊಂಡಿ ಕಡಿದುಹೋದರೆ ಅಳತೆಗೋಲೇ ಅಲುಗಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಎಂಪಿಆರ್‌ಇಯಲ್ಲಿ 85 ಬೇಕು ಅಂತಾರೆ. ಅದು 100ಕ್ಕಾ?

ಅಲ್ಲ. ಅದು ವಕೀಲರ ನಡತೆಯ ನಿಯಮಗಳ ಬೇರೆ ಪರೀಕ್ಷೆ. 60 ಪ್ರಶ್ನೆ, 2 ಗಂಟೆ, 50ಕ್ಕೆ ಮಾತ್ರ ಅಂಕ. ಅಳತೆ 50ರಿಂದ 150. ನ್ಯೂಯಾರ್ಕಿಗೆ 85, ಕ್ಯಾಲಿಫೋರ್ನಿಯಾಕ್ಕೆ 86. ಸುಲಭ ಅಂತ ಓದದೆ ಹೋಗಿ ಮತ್ತೆ ಬರೆಯುವವರು ಇದ್ದಾರೆ.

ನೆಕ್ಸ್ಟ್‌ಜೆನ್ ಬಂದ ಮೇಲೆ ಈ ಲೆಕ್ಕ ಎಲ್ಲಾ ಹಳತಾಯ್ತಾ?

ಅಂಕಿಗಳು ಹಳತಾಗುತ್ತವೆ, ತರ್ಕ ಅಲ್ಲ. ನೆಕ್ಸ್ಟ್‌ಜೆನ್ ಅಂದರೆ ಯುಬಿಇಯ ಜಾಗಕ್ಕೆ ಎನ್‌ಸಿಬಿಇ ತರುತ್ತಿರುವ ಹೊಸ ಬಾರ್ ಪರೀಕ್ಷೆ. 2026ರ ಜುಲೈ ಮಿಸ್ಸೌರಿ, ಮೇರಿಲ್ಯಾಂಡ್, ಓರೆಗಾನ್, ವಾಷಿಂಗ್ಟನ್‌ನಂಥ ರಾಜ್ಯಗಳಲ್ಲಿ ಹೊಸ ಪರೀಕ್ಷೆಯ ಮೊದಲ ಸರದಿ. ಉಳಿದವು ಒಂದೊಂದಾಗಿ ಸೇರುತ್ತವೆ. ಹಳೆಯ ಪರೀಕ್ಷೆಗೆ 2028ರ ಫೆಬ್ರವರಿ ಕೊನೆ. ಹೊಸದು ಒಂದೂವರೆ ದಿನ, 9 ಗಂಟೆ. ಎಂಬಿಇ, ಎಸ್ಸೇ ಅಂತ ಬೇರೆ ಬೇರೆ ಗೋಡೆ ಇಲ್ಲ, ಎಲ್ಲ ಬೆರೆತಿರುತ್ತದೆ. ಕೆಲವು ಪ್ರಶ್ನೆಗೆ ಆರು ಆಯ್ಕೆಯಲ್ಲಿ ಎರಡು ಸರಿ. ಒಂದನ್ನೇ ಹಿಡಿದರೂ ಅರ್ಧ ಅಂಕ ಇದೆ.

ಅಂಕ 500ರಿಂದ 750ರ ನಡುವೆ ಬರುತ್ತದೆ. ಪಾಸ್ ಗೆರೆ 610ರಿಂದ 620ರ ಒಳಗಿರಲಿ ಎಂದು ಎನ್‌ಸಿಬಿಇ ಸಲಹೆ ಕೊಟ್ಟಿದೆ, ತೀರ್ಮಾನ ಮಾತ್ರ ಈಗಲೂ ರಾಜ್ಯದ್ದೇ. 750ರಲ್ಲಿ 610 ಅಂದರೆ ಶೇ. 81 ಬೇಕಾ ಅಂತ ಈಗಾಗಲೇ ಇಬ್ಬರು ಕೇಳಿದ್ದಾರೆ. ಬೇಡ. ಮೊದಲ ಉತ್ತರವನ್ನು ಇನ್ನೊಮ್ಮೆ ಓದಿ.